ಹಂಡೆ ದೊಡ್ಡದಾದ ಮಾತ್ರಕ್ಕೆ ಬಿಯರ್ ಒಳ್ಳೆಯದಾಗುವುದಿಲ್ಲ

ಬ್ರೂವರಿಯ ಕೆಲಸ ಬಿಟ್ಟು ಮಡಿಕೇರಿಗೆ ಬಂದ ಮೇಲೂ, ಮನೆಯಲ್ಲಿ ಬಿಯರ್ ಮಾಡಲು ದೊಡ್ಡ ಪಾತ್ರೆ ಬೇಕೇ ಎಂಬ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹೊರದೇಶಗಳಲ್ಲಿ ನೆಲೆಸಿದ ನಮ್ಮ ಜಿಲ್ಲೆಯವರು ಅದನ್ನೇ ಕೇಳುತ್ತಾರೆ, ನಾನು ಒಂದೊಂದೇ ಸಾಲಿನಲ್ಲಿ ಉತ್ತರಿಸುತ್ತೇನೆ, ಅವರು ಮತ್ತೆ ಹೋಗಿ ದೊಡ್ಡ ಪಾತ್ರೆ ಕೊಂಡು ತರುತ್ತಾರೆ. ಅದಕ್ಕೇ ಈ ಸಲ ಹೆಚ್ಚಿನ ಜಾಗವನ್ನು ಆ ಪ್ರಶ್ನೆಗೇ ಕೊಡುತ್ತಿದ್ದೇನೆ. ಪಾತ್ರೆ ತೊಳೆಯುವುದು ಹೇಗೆ, ಯೀಸ್ಟ್ ಎಂದರೇನು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನಾನು ಸೋಮವಾರಪೇಟೆಯವನು, ಈಗ ಬ್ರಿಟನ್ನಿನ ಲೀಡ್ಸ್‌ನಲ್ಲಿದ್ದೇನೆ. ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬಾರ್ಲಿಯ ಗಟ್ಟಿ ಸಿಹಿ ಪಾಕ) ಮತ್ತು ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಬೇರೆಬೇರೆಯಾಗಿ ಬರುವ ಕಿಟ್ ತಂದು 20 ಲೀಟರ್ ಬಿಯರ್ ಮಾಡುತ್ತೇನೆ. ಪಾತ್ರೆ ಚಿಕ್ಕದು. 3 ಕಿಲೋ ಎಕ್ಸ್‌ಟ್ರ್ಯಾಕ್ಟ್‌ಗೆ ನೀರು ಸೇರಿಸಿ, ಒಟ್ಟು 8 ಲೀಟರನ್ನು ಹಾಪ್ಸ್ ಜೊತೆ ಒಂದು ಗಂಟೆ ಕುದಿಸಿ, ಕೊನೆಯಲ್ಲಿ ನಲ್ಲಿಯ ತಣ್ಣೀರು ಬೆರೆಸುತ್ತೇನೆ. ಬಣ್ಣ ತೀರಾ ಗಾಢವಾಗುತ್ತದೆ, ಕಹಿ ಸಾಲುವುದಿಲ್ಲ. 20 ಲೀಟರನ್ನೂ ಒಟ್ಟಿಗೆ ಕುದಿಸಬೇಕು, 30 ಲೀಟರಿನ ಪಾತ್ರೆ ಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಕೊಳ್ಳಲೇ?

ಉತ್ತರ: ಕೊಳ್ಳಬೇಡಿ. ತಪ್ಪಿರುವುದು ಪಾತ್ರೆಯಲ್ಲಿ ಅಲ್ಲ. ಒಲೆ ಹಚ್ಚಿದ ಕೂಡಲೇ ಮೂರು ಕಿಲೋ ಎಕ್ಸ್‌ಟ್ರ್ಯಾಕ್ಟನ್ನೂ ಸುರಿದುಬಿಡುತ್ತೀರಲ್ಲ, ತಪ್ಪು ಅಲ್ಲಿದೆ.

ಮಳೆಗಾಲದಲ್ಲಿ ಅಡುಗೆಯ ಹುಳಿಯಾದ ಕಾಚಂಪುಳಿ ಕಾಯಿಸುವುದನ್ನು ನೀವು ಚಿಕ್ಕಂದಿನಲ್ಲಿ ನೋಡಿರಬೇಕು. ಹಣ್ಣಿನಿಂದ ತೊಟ್ಟಿಕ್ಕಿದ ರಸ ಒಲೆಗೆ ಏರುವಾಗ ತೆಳ್ಳಗಿರುತ್ತದೆ. ನೀರು ಇಂಗುತ್ತ ಬಂದಂತೆ ಕಂದಾಗುತ್ತದೆ, ಕಡೆಗೆ ಸೌಟಿನ ಬೆನ್ನಿಗೆ ಅಂಟಿಕೊಳ್ಳುವ ಕಪ್ಪಾಗುತ್ತದೆ. ಪಂದಿಕರಿಗೆ ಆ ಕಪ್ಪು ಬೇಕು, ನಿಮ್ಮ ಬಿಯರಿಗೆ ಬೇಡ. ಮಂದವಾದ ದ್ರವವನ್ನು ಹೊತ್ತುಗಟ್ಟಲೆ ಕುದಿಸಿದರೆ ಅದು ಕಪ್ಪಾಗುತ್ತದೆ ಎಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ಸಂಗತಿಯೇ. ಮಾಲ್ಟಿನಲ್ಲಿ ಈ ಕೆಲಸ ಮಾಡುವುದು ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವಿನ ಕ್ರಿಯೆ. ಫ್ರಾನ್ಸಿನ ಮೈಯಾರ್ 1912ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು.

ಈಗ ಲೆಕ್ಕಕ್ಕೆ ಬನ್ನಿ. ಮೂರು ಕಿಲೋ ಎಕ್ಸ್‌ಟ್ರ್ಯಾಕ್ಟ್ 20 ಲೀಟರಿನಲ್ಲಿ ಹರಡಿದರೆ ಸಾಂದ್ರತೆ (ಬರೀ ನೀರಿನದು 1.000) ಸುಮಾರು 1.045. ಅದೇ ಮೂರು ಕಿಲೋ 8 ಲೀಟರಿನಲ್ಲಿದ್ದರೆ 1.112. ನೀವು ಒಂದು ಗಂಟೆ ಕುದಿಸುತ್ತಿರುವುದು ಬಿಯರಿನ ವರ್ಟನ್ನಲ್ಲ (ಯೀಸ್ಟ್ ಹಾಕುವ ಮೊದಲಿನ ಸಿಹಿ ದ್ರವವೇ ವರ್ಟ್), ಪಾಕವನ್ನು. ಹಾಪ್ಸಿನ ಆಲ್ಫಾ ಆಮ್ಲ ಕುದಿತದಲ್ಲಿ ರೂಪ ಬದಲಿಸಿದಾಗ ಮಾತ್ರ ಕಹಿ ವರ್ಟಿಗೆ ಇಳಿಯುತ್ತದೆ, ಪಾಕ ಮಂದವಾದಷ್ಟೂ ಇಳಿಯುವ ಪ್ರಮಾಣ ಕಡಿಮೆ. ಮನೆಯಲ್ಲಿ ಬಿಯರ್ ಮಾಡುವವರು ಹೆಚ್ಚಾಗಿ ಬಳಸುವ ಟಿನ್ಸೆತ್ ಸೂತ್ರದ ಪ್ರಕಾರ ಒಂದು ಗಂಟೆಯ ಕುದಿತದಲ್ಲಿ 1.045ರ ವರ್ಟ್ ಹಾಪ್ಸಿನ ಆಲ್ಫಾ ಆಮ್ಲದಲ್ಲಿ ಶೇ 24ರಷ್ಟನ್ನು ಬಳಸಿಕೊಂಡರೆ, ನಿಮ್ಮ 1.112ರ ಪಾಕ ಬಳಸಿಕೊಳ್ಳುವುದು ಶೇ 13ರಷ್ಟನ್ನು. ಹಾಪ್ಸಿಗೆ ಕೊಟ್ಟ ಹಣದ ಅರ್ಧದಷ್ಟು ನೀರುಪಾಲು.

ಪರಿಹಾರ ಇಷ್ಟೇ. ಮೂರು ಕಿಲೋದಲ್ಲಿ ಒಂದು ಕಿಲೋ ಮಾತ್ರ ಮೊದಲಿಗೆ ಹಾಕಿ. 8 ಲೀಟರಿಗೆ ಸಾಂದ್ರತೆ 1.037ರ ಆಸುಪಾಸು ಬರುತ್ತದೆ, ಹಾಪ್ಸಿನ ಬಳಕೆ ಸುಮಾರು ಎರಡು ಪಟ್ಟಾಗುತ್ತದೆ. ಉಳಿದ ಎರಡು ಕಿಲೋ ಕೊನೆಯ ಹತ್ತು ನಿಮಿಷಕ್ಕೆ. ಅದನ್ನು ಸುರಿಯುವ ಮೊದಲು ಒಲೆ ಆರಿಸಿ. ಎಕ್ಸ್‌ಟ್ರ್ಯಾಕ್ಟ್ ಜೋನಿ ಬೆಲ್ಲದಂತೆ ಸೀದಾ ತಳಕ್ಕೆ ಇಳಿದು ಕೂರುತ್ತದೆ. ಉರಿ ಇದ್ದರೆ ಅಲ್ಲೇ ಸೀಯುತ್ತದೆ, ಸೀದ ವಾಸನೆಯನ್ನು ಯಾವ ಹಾಪ್ಸೂ ಮುಚ್ಚುವುದಿಲ್ಲ. ಮರದ ಸೌಟಿನಿಂದ ತಳ ಮುಟ್ಟಿ ಕದಡಿ, ಸೌಟಿಗೆ ಏನೂ ತಗುಲದಂತಾದ ಮೇಲೆ ಮತ್ತೆ ಉರಿ ಹಚ್ಚಿ. ಈ ಹೊತ್ತಿನಲ್ಲಿ ಅಡುಗೆಮನೆ ಬಿಟ್ಟು ಕದಲಬೇಡಿ. ನೊರೆ ಮೊದಲು ಅಂಚಿನಲ್ಲಿ ಕೆನೆಯಂತೆ ಕಟ್ಟುತ್ತದೆ, ಆಮೇಲೆ ನಡುವಿನಿಂದ ಉಬ್ಬುತ್ತದೆ, ಅಲ್ಲಿಂದ ಪಾತ್ರೆಯ ಬಾಯಿಗೆ ಬರಲು ಹಾಲಿಗಿಂತ ಕಡಿಮೆ ಸಮಯ ಸಾಕು. ಕಲಿಯುವ ದಿನಗಳಲ್ಲಿ ಬಾಗಿಲು ತೆರೆಯಲೆಂದು ಎದ್ದುಹೋಗಿ ನಾನು ಅರ್ಧ ಪಾತ್ರೆ ವರ್ಟನ್ನು ಒಲೆಗೆ ಸುರಿದಿದ್ದೇನೆ. ಅದರ ಜಿಗುಟು ಉಜ್ಜಿ ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು.

ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಷ್ಟನ್ನೂ ಒಟ್ಟಿಗೆ ಕುದಿಸುವುದು ಒಳ್ಳೆಯದೇ, ಆದರೆ ಅದು ನಿಜವಾಗಿ ಕುದಿಯಬೇಕು. ಆರುವ ಮೂರ್ನಾಲ್ಕು ಲೀಟರನ್ನು ಸೇರಿಸಿದರೆ ನೀವು 24 ಲೀಟರಿನಿಂದ ಶುರು ಮಾಡಬೇಕಾಗುತ್ತದೆ. ಮನೆಯ ಒಲೆಯಲ್ಲಿ ಅದು ಗಂಟೆಗಟ್ಟಲೆ ಮುಲುಗುತ್ತದೆಯೇ ಹೊರತು ತಿರುಗಿ ಬಿದ್ದು ಕುದಿಯುವುದಿಲ್ಲ. ಮಂಕು ಕುದಿತದಲ್ಲಿ ಪ್ರೋಟೀನು ಹೆಪ್ಪುಗಟ್ಟಿ ತಳ ಸೇರುವುದಿಲ್ಲ, ಬಿಯರ್ ಕದಡಿಯೇ ಇರುತ್ತದೆ. ಕುದಿದ ಮೇಲೆ ಅಷ್ಟನ್ನು 20 ಡಿಗ್ರಿಗೆ ಇಳಿಸುವುದು ಇನ್ನೊಂದು ಪಾಡು. ತಣ್ಣೀರು ಹರಿಸಿ ತಣಿಸುವ ತಾಮ್ರದ ಸುರುಳಿ ಇಲ್ಲದೆ ರಾತ್ರಿಯೆಲ್ಲ ತಣಿಯಲು ಬಿಟ್ಟರೆ, ಯೀಸ್ಟಿಗಿಂತ ಮೊದಲು ಬೇರೆ ಜೀವಿಗಳು ಊಟಕ್ಕೆ ಕೂರುತ್ತವೆ. 8 ಲೀಟರ್ ಹಾಗಲ್ಲ. ಮಂಜುಗಡ್ಡೆ ಹಾಕಿದ ಸಿಂಕಿನಲ್ಲಿ ಪಾತ್ರೆ ಇಟ್ಟು, ನೀರು ಬದಲಿಸುತ್ತಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯಿತು.

ನೀವು ಬೆರೆಸುವ ತಣ್ಣೀರು ಹಿಂದಿನ ದಿನವೇ ಕುದಿಸಿ, ಮುಚ್ಚಿ ತಣಿಸಿದ್ದಾಗಿರಲಿ. ನಲ್ಲಿಯ ನೀರನ್ನು ಹಾಗೇ ಸುರಿದರೆ ಅದರ ಕ್ಲೋರಿನ್ ಮಾಲ್ಟಿನ ಫೀನಾಲ್‌ಗಳೊಂದಿಗೆ ಸೇರಿ ಬಿಯರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಈ ನಲ್ಲಿಯ ನೀರು.

ಅಷ್ಟನ್ನೂ ಕುದಿಸಲೇಬೇಕಾದ ಸಂದರ್ಭ ಒಂದಿದೆ: ಬಲು ಕಹಿಯ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್. ವರ್ಟ್ ಹಿಡಿದಿಟ್ಟುಕೊಳ್ಳಬಲ್ಲ ಕಹಿ ಹೆಚ್ಚೂಕಡಿಮೆ 100 ಐಬಿಯು (ಬಿಯರಿನ ಕಹಿಯನ್ನು ಅಳೆಯುವ ಮಾನ). 8 ಲೀಟರಿನಲ್ಲಿ ಅಷ್ಟು ತುಂಬಿಸಿ 20 ಲೀಟರಿಗೆ ತೆಳುಮಾಡಿದರೆ ಉಳಿಯುವುದು 40. ಡಿಕಾಕ್ಷನ್ ಎಷ್ಟೇ ಗಟ್ಟಿ ಇಳಿಸಿದರೂ ಬೆರೆಸುವುದು ಹೆಚ್ಚಾದರೆ ಕಾಫಿ ತೆಳುವೇ. ಸಾಧಾರಣ ಪೇಲ್ ಏಲ್‌ಗೆ 40 ಧಾರಾಳ.

ಪ್ರಶ್ನೆ: ಹಾಪ್ಸ್ ಸೇರಿಸಿಯೇ ಬರುವ ಡಬ್ಬಿಯ ಕಿಟ್ಟನ್ನೂ ಒಂದು ಗಂಟೆ ಕುದಿಸಬೇಕೇ?

ಉತ್ತರ: ಬೇಡ. ಕಾರ್ಖಾನೆಯಲ್ಲಿ ಕುದಿದು ಬಂದದ್ದನ್ನು ಮತ್ತೆ ಕುದಿಸಿ ಇದ್ದ ಪರಿಮಳವನ್ನೂ ಕಳೆಯಬೇಡಿ. ಡಬ್ಬಿಯ ಮೇಲಿನ ತಾರೀಖು ನೋಡಿ. ಹಳೆಯ ಎಕ್ಸ್‌ಟ್ರ್ಯಾಕ್ಟ್ ಡಬ್ಬಿಯೊಳಗೇ ಕಪ್ಪಾಗಿರುತ್ತದೆ.

ಪ್ರಶ್ನೆ: ನೀರು ಬೆರೆಸಿದ ಮೇಲೆ ಹೈಡ್ರೋಮೀಟರ್ 1.030 ತೋರಿಸಿತು. ಸಕ್ಕರೆ ಸೇರಿಸಲೇ?

ಉತ್ತರ: ಸೇರಿಸಬೇಡಿ. ಮಂದ ವರ್ಟ್ ತಳದಲ್ಲಿದೆ, ನೀವು ಅಳೆದದ್ದು ಮೇಲಿನ ನೀರನ್ನು. ಚೆನ್ನಾಗಿ ಕದಡಿ ಅಳೆಯಿರಿ.

ಪ್ರಶ್ನೆ: ಮಡಿಕೇರಿಯಂಥ ಎತ್ತರದಲ್ಲಿ ಹಾಪ್ಸ್ ಕಹಿ ಕಡಿಮೆ ಬಿಡುತ್ತದೆಯೇ? (ಬ್ರೂವಿಂಗ್ ಓದುತ್ತಿರುವ ವಿದ್ಯಾರ್ಥಿನಿ)

ಉತ್ತರ: ಹೌದು, ಸ್ವಲ್ಪ. ಇಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಈ ಅಂಕಣಕ್ಕೆ ಬರಬೇಕಾದದ್ದು ಇಂಥ ಪ್ರಶ್ನೆಗಳು.

ಪ್ರಶ್ನೆ: ಅಣ್ಣ ಹೊರದೇಶದಿಂದ ಕಿಟ್ ತಂದಿದ್ದಾರೆ. ಕುಶಾಲನಗರದ ನಮ್ಮ ಮನೆಯಲ್ಲೇ ಮಾಡಬಹುದೇ?

ಉತ್ತರ: ಮಾಡಬಾರದು. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಯಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ತಯಾರಿಸುವುದು ಅಪರಾಧ. ಕಿಟ್ ಕೈಗೆ ಸಿಕ್ಕಿತು ಎಂಬುದು ಅನುಮತಿಯಲ್ಲ.

ಪ್ರಶ್ನೆ: ಪ್ರವಾಸಿಗರಿಗೆ ಮಾರುವ ಬೀಟ್‌ರೂಟ್ ವೈನ್ ರಕ್ತ ಹೆಚ್ಚಿಸುತ್ತದೆ, ವೀಳ್ಯದೆಲೆಯ ವೈನ್ ಕೆಮ್ಮು ವಾಸಿ ಮಾಡುತ್ತದೆ ಎನ್ನುತ್ತಾರೆ. ಬಾಣಂತಿಗೆ ಕೊಡಬಹುದೇ?

ಉತ್ತರ: ಖಂಡಿತ ಕೊಡಬೇಡಿ. ಅದರಲ್ಲಿರುವುದು ಮದ್ಯಸಾರ, ಅದು ಎದೆಹಾಲಿಗೂ ಇಳಿಯುತ್ತದೆ. ಬಣ್ಣದ ಬಾಟಲಿ ಹಿಡಿದು ಔಷಧಿ ಎಂದು ಹೇಳುವವರು ಮಾರುತ್ತಿರುವುದು ಸುಳ್ಳನ್ನು. ರಕ್ತ ಕಡಿಮೆ ಇದ್ದರೆ ವೈದ್ಯರು ಪರೀಕ್ಷೆ ಮಾಡಿಸಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಆ ತಾಯಿಯನ್ನು ಈ ವಾರವೇ ಕರೆದುಕೊಂಡು ಹೋಗಿ.

ಪ್ರಶ್ನೆ: ನೊರೆ ಚೆನ್ನಾಗಿ ಬರಲೆಂದು ಪ್ರತಿ ಬಾಟಲಿಗೆ ಎರಡು ದೊಡ್ಡ ಚಮಚ ಸಕ್ಕರೆ ಹಾಕಿ ಮುಚ್ಚಿದ್ದೇನೆ. ಮೊನ್ನೆ ಒಂದು ಒಡೆಯಿತು. ಉಳಿದವು ಸರಿಯಿರಬಹುದೇ? (ಪರ್ತ್‌ನಿಂದ)

ಉತ್ತರ: ಸರಿಯಿಲ್ಲ. ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಸಾಕಾಗಿತ್ತು. ಮಕ್ಕಳನ್ನು ಆ ಕೋಣೆಯಿಂದ ದೂರವಿಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಗವಸು ಹಾಕಿಕೊಂಡು, ಬಾಟಲಿಗಳ ಮೇಲೆ ದಪ್ಪ ಕಂಬಳಿ ಹೊದಿಸಿಯೇ ಹತ್ತಿರ ಹೋಗಿ. ಒಂದೊಂದನ್ನೇ ಬಟ್ಟೆ ಸುತ್ತಿ ತಣ್ಣಗಿನ ಜಾಗಕ್ಕೆ ಸಾಗಿಸಿ, ಪೂರ್ತಿ ತಣಿದ ಮೇಲೆ ಮುಚ್ಚಳ ಸಡಿಲಿಸಿ ಚೆಲ್ಲಿಬಿಡಿ. ಇವತ್ತೇ.