ಅಗ್ಗದ ಇಂಕ್ ಪೆನ್ನು: ಅಂಗಡಿಯಲ್ಲಿ ಏನು ನೋಡಬೇಕು, ಮನೆಯಲ್ಲಿ ಏನು ಮಾಡಬೇಕು

ಪ್ರಶ್ನೆ: ನಮ್ಮ ಶಾಲೆಯ ಎಂಟನೇ ತರಗತಿಯ 32 ಮಕ್ಕಳಿಗೆ ಇಂಕ್ ಪೆನ್ನು ಕೊಡಿಸಬೇಕೆಂದಿದ್ದೇವೆ. ಒಂದಕ್ಕೆ ನೂರು ರೂಪಾಯಿ ದಾಟುವಂತಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಇಂಕು ತುಂಬಿಸಿ ಬರೆದು ನೋಡಲು ಬಿಡುವುದಿಲ್ಲ. ಒಳ್ಳೆಯದನ್ನು ಗುರುತಿಸುವುದು ಹೇಗೆ? (ಶಿಕ್ಷಕಿ, ಹಾಸನ ಜಿಲ್ಲೆ)

ಇಂಕು ಇಲ್ಲದೆಯೂ ಪೆನ್ನಿನ ಗುಣ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮೊದಲು ತೂಕ, ಹೊಳಪುಗಳನ್ನು ಬದಿಗಿಡಿ. ಈ ಬೆಲೆಯ ಪೆನ್ನಿನಲ್ಲಿ ಲೋಹದ ಮೈಗೆ, ಮಿರುಗುವ ಬಣ್ಣಕ್ಕೆ ಖರ್ಚಾದ ಹಣ ನಿಬ್ಬಿನ ಲೆಕ್ಕದಿಂದಲೇ ಹೋಗಿರುತ್ತದೆ. ಒಂದೇ ಬೆಲೆಯ ಎರಡು ಪೆನ್ನುಗಳಲ್ಲಿ ಮೈ ಸಾದಾ ಇರುವುದನ್ನೇ ಮೊದಲು ಕೈಗೆತ್ತಿಕೊಳ್ಳಿ.

ನಿಬ್ಬಿನ ತುದಿ ನೋಡಿ. ಆಭರಣದಂಗಡಿಯವರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇದ್ದರೆ ಸರಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ಹಿಗ್ಗಿಸಿ ನೋಡಿ. ತುದಿಯಲ್ಲಿ ಗಸಗಸೆ ಕಾಳಿಗಿಂತ ಚಿಕ್ಕದಾದ, ಸ್ವಲ್ಪ ಬೂದು ಛಾಯೆಯ ಮಣಿ ಕಾಣಬೇಕು. ಅದು ಉಕ್ಕಿನ ನಿಬ್ಬಿಗೆ ಬೆಸೆದ ಗಟ್ಟಿ ಮಿಶ್ರಲೋಹ. ಕಾಗದದ ಮೇಲೆ ಉಜ್ಜುವುದು ಈ ಮಣಿ ಮಾತ್ರ. ತೀರಾ ಅಗ್ಗದ ಕೆಲವು ನಿಬ್ಬುಗಳಲ್ಲಿ ಮಣಿಯೇ ಇರುವುದಿಲ್ಲ, ಉಕ್ಕಿನ ತಗಡನ್ನೇ ತುದಿಯಲ್ಲಿ ಮಡಿಸಿರುತ್ತಾರೆ. ಹೊಸದರಲ್ಲಿ ಅದೂ ಚೆನ್ನಾಗಿಯೇ ಬರೆಯುತ್ತದೆ. ಆದರೆ ಉಕ್ಕು ಮೆತ್ತಗಿರುವುದರಿಂದ ಒಂದೇ ಕಡೆ ಸವೆದು ಅಂಚು ಏಳುತ್ತದೆ, ಆಮೇಲೆ ಕಾಗದ ಕೆರೆಯುತ್ತದೆ. ಪಕ್ಕದಿಂದ ನೋಡಿದಾಗ ತುದಿ ಸ್ವಲ್ಪ ದಪ್ಪಗಾಗಿದ್ದು, ಬಣ್ಣದಲ್ಲಿ ಚೂರು ಬೇರೆಯಾಗಿದ್ದರೆ ಮಣಿ ಇದೆ ಎಂದು ತಿಳಿಯಿರಿ.

ಮುಂದೆ, ನಿಬ್ಬನ್ನು ಬೆಳಕಿಗೆ ಹಿಡಿದು ಸೀಳು ನೋಡಿ. ನಡುವಿನ ಚಿಕ್ಕ ತೂತಿನಿಂದ ಹೊರಟ ಸೀಳು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗಬೇಕು. ಇಂಕು ತುದಿಗೆ ಬರುವುದು ಅದರ ಭಾರದಿಂದಲ್ಲ, ಕಿರಿದಾದ ಜಾಗ ದ್ರವವನ್ನು ಎಳೆದುಕೊಳ್ಳುವುದರಿಂದ. ಸೀಳು ತುದಿಯಲ್ಲಿ ಅಗಲವಾಗಿದ್ದರೆ ಇಂಕು ಅರ್ಧದಾರಿಯಲ್ಲೇ ನಿಲ್ಲುತ್ತದೆ. ಉದ್ದಕ್ಕೂ ಕೂದಲೆಳೆಯಷ್ಟೂ ಬೆಳಕು ಕಾಣದಿದ್ದರೆ ಎರಡು ಎಸಳೂ, ಅಂದರೆ ಸೀಳಿನ ಅಕ್ಕಪಕ್ಕದ ಎರಡು ಭಾಗಗಳೂ, ಬಿಗಿಯಾಗಿವೆ, ಅಕ್ಷರ ಒಣಒಣವಾಗಿ ಬರುತ್ತದೆ. ಬಿಗಿ ಇದ್ದರೆ ಸರಿಪಡಿಸಬಹುದು. ತುದಿ ಬಾಯಿ ಬಿಟ್ಟಿದ್ದರೆ ಆ ಪೆನ್ನು ಬೇಡ.

ಇನ್ನು ಒಣ ನಿಬ್ಬಿನ ಪರೀಕ್ಷೆ. ಪೆನ್ನನ್ನು ಬರೆಯುವ ಓರೆಯಲ್ಲೇ ಹಿಡಿದು, ಕೈಭಾರ ಹಾಕದೆ, ಕಾಗದದ ಮೇಲೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಎಳೆಯಿರಿ. ಒಂದೇ ದಿಕ್ಕಿನಲ್ಲಿ ಗೀರಿದರೆ ಎಸಳುಗಳು ಮೇಲೆ ಕೆಳಗಾಗಿವೆ ಎಂದರ್ಥ. ಮನೆಯಲ್ಲಿ ಎರಡು ನಿಮಿಷದ ಕೆಲಸ ಅದು. ಎಲ್ಲ ದಿಕ್ಕಿನಲ್ಲೂ ಗೀರಿದರೆ ತುದಿಯನ್ನು ಸರಿಯಾಗಿ ಉಜ್ಜಿಲ್ಲ, ಪಕ್ಕಕ್ಕಿಡಿ. ಈ ಪರೀಕ್ಷೆಗೆ ಯಾವ ಅಂಗಡಿಯವರೂ ಬೇಡ ಎನ್ನುವುದಿಲ್ಲ.

ನಿಬ್ಬಿನ ಅಡಿಯಲ್ಲಿರುವ ಕಪ್ಪು ನಾಲಿಗೆ, ಅಂದರೆ ಫೀಡು, ನಿಬ್ಬಿಗೆ ಅಂಟಿದಂತಿರಬೇಕು. ನಡುವೆ ಸಂದು ಕಂಡರೆ ಇಂಕಿನ ದಾರಿ ಅಲ್ಲೇ ಕಡಿಯುತ್ತದೆ. ನಿಬ್ಬಿನ ಸೀಳು ನಾಲಿಗೆಯ ನಡುಗೆರೆಯ ಮೇಲೇ ಕೂತಿರಬೇಕು. ಹೆಬ್ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿದರೆ ಅಲುಗಬಾರದು. ನಾಲಿಗೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳಿದ್ದರೆ ಒಳ್ಳೆಯದು. ಹೆಚ್ಚಾಗಿ ಇಳಿದ ಇಂಕು ಕಾಗದಕ್ಕೆ ತೊಟ್ಟಿಕ್ಕದೆ ಅಲ್ಲಿ ನಿಲ್ಲುತ್ತದೆ. ನಿಬ್ಬು ಒಳಗೆ ಮುಚ್ಚಿಕೊಂಡಿರುವ ಮಾದರಿಗಳಲ್ಲಿ ಇದ್ಯಾವುದೂ ಕಾಣದು, ಹಾಗಾಗಿ ಶಾಲೆಗೆಂದು ಒಟ್ಟಾಗಿ ಕೊಳ್ಳುವಾಗ ತೆರೆದ ನಿಬ್ಬಿನ ಪೆನ್ನೇ ವಾಸಿ.

ಕ್ಯಾಪು ತಿರುಪಿನದಾದರೆ ಕೊನೆಯಲ್ಲಿ ಖಚಿತವಾಗಿ ನಿಲ್ಲಬೇಕು, ತಿರುಗುತ್ತಲೇ ಇರಬಾರದು. ಒತ್ತುವ ಕ್ಯಾಪಾದರೆ 'ಟಕ್' ಎಂದು ಕೂರಬೇಕು. ಬೆರಳು ಹಿಡಿಯುವ ಕತ್ತಿನ ಭಾಗವನ್ನೂ ಮರೆಯ (ತಿರುಪಿನ ಗೆರೆಗಳ) ಸುತ್ತಲನ್ನೂ ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಹುಡುಕಿ. ಪ್ಲಾಸ್ಟಿಕ್ ಪೆನ್ನು ಸಾಮಾನ್ಯವಾಗಿ ಒಡೆಯುವುದು ಅಲ್ಲಿಂದಲೇ.

ಕಾರ್ಟ್ರಿಡ್ಜ್, ಅಂದರೆ ಇಂಕು ತುಂಬಿ ಮುಚ್ಚಿದ ಚಿಕ್ಕ ಕೊಳವೆ, ಹಾಕುವ ಪೆನ್ನಾದರೆ ಅಳತೆ ಕೇಳಿ. ಅಂತರರಾಷ್ಟ್ರೀಯ ಅಳತೆಯ ಕಾರ್ಟ್ರಿಡ್ಜಿನ ಬಾಯಿ ಸುಮಾರು 2.6 ಮಿ.ಮೀ., ಚೀನಾದ ಎಷ್ಟೋ ಶಾಲಾ ಪೆನ್ನುಗಳದ್ದು 3.4 ಮಿ.ಮೀ. ಒಂದಕ್ಕೆ ಇನ್ನೊಂದು ಕೂರದು. ಬಲವಂತವಾಗಿ ತುರುಕಿದರೆ ಕತ್ತಿನಿಂದ ಇಂಕು ಒಸರುತ್ತದೆ, ಬೈಗುಳ ಮಾತ್ರ ಪೆನ್ನಿಗೆ. ಪಾರ್ಕರ್ ಮತ್ತು ಪೈಲಟ್ ಪೆನ್ನುಗಳಿಗೆ ಅವವೇ ಅಳತೆಗಳಿವೆ. ಚಿಕ್ಕ ಕಾರ್ಟ್ರಿಡ್ಜಿನಲ್ಲಿ ಹಿಡಿಯುವುದು ಸುಮಾರು 0.8 ಮಿ.ಲೀ. ಮಾತ್ರ. ದಿನಾ ಬರೆಯುವ ಮಕ್ಕಳಿಗೆ ಬುಡ್ಡಿಯಿಂದ ತುಂಬಿಸಿಕೊಳ್ಳುವ ಪೆನ್ನೇ ಕೈಗೆಟುಕುವಂಥದ್ದು.

ಕೊನೆಯದಾಗಿ, 32 ಪೆನ್ನನ್ನೂ ಒಂದೇ ಸಲ ಕೊಳ್ಳಬೇಡಿ. ಈ ಬೆಲೆಯಲ್ಲಿ ಒಂದೇ ಡಬ್ಬಿಯ ಎರಡು ಪೆನ್ನು ಒಂದೇ ಥರ ಇರುವುದಿಲ್ಲ. ಮೊದಲು ಮೂರು ತಂದು, ತೊಳೆದು, ಇಂಕು ತುಂಬಿಸಿ, ನಾಲ್ಕು ಪುಟ ಬರೆಯಿರಿ. ಆಮೇಲೆ ಕ್ಯಾಪು ಹಾಕಿ ಏಳು ದಿನ ಅಡ್ಡಡ್ಡ ಮಲಗಿಸಿಡಿ. ಎಂಟನೇ ದಿನ ಮೊದಲ ಗೀಟಿನಲ್ಲೇ ಇಂಕು ಬಂದರೆ ಕ್ಯಾಪು ಗಾಳಿ ಬಿಡುತ್ತಿಲ್ಲ. ಮೂರರಲ್ಲಿ ಎರಡಾದರೂ ಪಾಸಾದರೆ ಮಾತ್ರ ಉಳಿದವನ್ನು ತನ್ನಿ. ನಾಲ್ಕೈದು ಹೆಚ್ಚಿಗೇ ತನ್ನಿ, ಕೆಲವು ಕೆಟ್ಟಿರುತ್ತವೆ ಎಂದೇ ಲೆಕ್ಕ ಹಾಕಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೊಸ ಪೆನ್ನು ಪ್ರತಿ ಸಾಲಿನ ಮೊದಲ ಅಕ್ಷರದಲ್ಲಿ ಕೈಕೊಡುತ್ತದೆ, ಆಮೇಲೆ ಸರಿಯಾಗಿ ಬರೆಯುತ್ತದೆ. ಪೆನ್ನೇ ಕೆಟ್ಟದ್ದೇ? (ಧಾರವಾಡ)

ಅಷ್ಟು ಬೇಗ ಬಿಸಾಡಬೇಡಿ. ಹೊಸ ಪೆನ್ನಿನ ಒಳಗೆ ಅಚ್ಚಿನಿಂದ ಬಂದ ಎಣ್ಣೆಯ ಪಸೆ ಉಳಿದಿರಬಹುದು. ಎಣ್ಣೆ ಇದ್ದಲ್ಲಿ ನೀರಿನ ಇಂಕು ಹರಿಯದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೇ ಒಂದು ಹನಿ ಹಾಕಿ, ನಿಬ್ಬಿನ ಮೂಲಕ ಹತ್ತು ಸಲ ಎಳೆದು ಬಿಡಿ. ಆಮೇಲೆ ಬರೀ ನೀರಿನಲ್ಲಿ ನೊರೆ ಹೋಗುವವರೆಗೆ ತೊಳೆಯಿರಿ. ನಿಬ್ಬನ್ನು ಹತ್ತಿಬಟ್ಟೆಯ ಮೇಲೆ ಕೆಳಮುಖವಾಗಿ ಒಂದು ರಾತ್ರಿ ಇಡಿ, ಬಟ್ಟೆ ಒಳಗಿನ ನೀರನ್ನೆಲ್ಲ ಹೀರುತ್ತದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ನಾಲಿಗೆ ಸೊಟ್ಟಗಾಗುತ್ತದೆ. ಸ್ಪಿರಿಟ್, ಸ್ಯಾನಿಟೈಸರ್ ಅಂತೂ ಖಂಡಿತ ಬೇಡ, ಕೆಲವು ಪ್ಲಾಸ್ಟಿಕ್ ಬಿರಿಯುತ್ತದೆ.

ತೊಳೆದ ಮೇಲೂ ಹಾಗೇ ಇದ್ದರೆ ತುದಿಯನ್ನು ನೇರ ಎದುರಿನಿಂದ ನೋಡಿ. ಎರಡು ಎಸಳಿನ ಒಳಅಂಚು ಅತಿಯಾಗಿ ಗುಂಡಗಾಗಿ, ನಡುವೆ ತಗ್ಗು ಬಿದ್ದಿದ್ದರೆ ಇಂಕು ಆ ತಗ್ಗಿನಲ್ಲೇ ನಿಂತು ಕಾಗದ ಮುಟ್ಟುವುದಿಲ್ಲ. ನೀವು ಹೇಳಿದ ಲಕ್ಷಣಕ್ಕೆ ಇದು ಹೆಚ್ಚು ಹೊಂದುತ್ತದೆ. ಕೈಗೆ ನಯವಾಗಿರುತ್ತದೆ, ಮೊದಲ ಗೀಟು ಮಾತ್ರ ಬರುವುದಿಲ್ಲ. 12,000 ಸಂಖ್ಯೆಯ ಅತಿ ನಯವಾದ ಪಾಲಿಶ್ ಹಾಳೆಯ ಮೇಲೆ, ಪೆನ್ನಿನಲ್ಲಿ ಇಂಕು ಇರುವಾಗಲೇ, ಇಂಗ್ಲಿಷ್ ಎಂಟರ ಆಕಾರದಲ್ಲಿ ಐದು ಸುತ್ತು ಬರೆದು, ಕಾಗದದ ಮೇಲೆ ನೋಡಿ. ಸಾಲದಿದ್ದರೆ ಇನ್ನೈದು. ಹಾರ್ಡ್‌ವೇರ್ ಅಂಗಡಿಯ ಮರಳುಕಾಗದ ಬಳಸಿದರೆ ಮಣಿಯೇ ಸವೆದುಹೋಗುತ್ತದೆ.

ಎಸಳು ಬಿಗಿಯಾಗಿದ್ದರೆ ತೆಳು ಹಿತ್ತಾಳೆ ತಗಡು ಬೇಕು, ದಪ್ಪ 0.05 ಮಿ.ಮೀ. ಸೀಳಿನಲ್ಲಿ ತೂತಿನಿಂದ ತುದಿಯ ಕಡೆಗೆ ಮೂರು ನಾಲ್ಕು ಸಲ ಎಳೆದರೆ ಸಾಕು. ಶೇವಿಂಗ್ ಬ್ಲೇಡು ತುರುಕುವ ಅಭ್ಯಾಸ ಬಹಳ ಕಡೆ ಇದೆ. ಬ್ಲೇಡು ಇದರ ಎರಡರಷ್ಟು ದಪ್ಪ, ಮೇಲಾಗಿ ಒಳಅಂಚನ್ನು ಕೊರೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಎಸಳು ಮೇಲಕ್ಕಿದ್ದರೆ ಅದನ್ನು ಉಗುರಿನಿಂದ ಮೆಲ್ಲಗೆ ಕೆಳಗೆ ಒತ್ತಿ ಐದು ಸೆಕೆಂಡು ಹಿಡಿಯಿರಿ, ಬಿಟ್ಟು ನೋಡಿ, ಬೇಕಿದ್ದರೆ ಮತ್ತೆ ಒತ್ತಿ. ಒಂದೇ ಏಟಿಗೆ ಸರಿಮಾಡಲು ಹೋದರೆ ಎಸಳು ಇನ್ನೊಂದು ಕಡೆಗೆ ಬಾಗುತ್ತದೆ.

ಪ್ರಶ್ನೆ: ಫಿಲ್ಲರಿನಿಂದ ನೇರವಾಗಿ ಕೊಳವೆಗೆ ಇಂಕು ತುಂಬುವ ಪೆನ್ನು ನನ್ನದು. ತುಂಬಿಸಿದ ದಿನ ಚೆನ್ನಾಗಿರುತ್ತದೆ. ಇಂಕು ಮುಗಿಯುತ್ತಾ ಬಂದಾಗ ಬರೆಯುತ್ತಿದ್ದಂತೆಯೇ ತೊಟ್ಟು ಬೀಳುತ್ತದೆ. ಮಂಗಳೂರಿನಿಂದ ಮಡಿಕೇರಿಗೆ ಹೋದಾಗಲಂತೂ ಕ್ಯಾಪಿನ ತುಂಬ ಇಂಕು. (ಬ್ಯಾಂಕ್ ಉದ್ಯೋಗಿ)

ಇಂಕನ್ನು ಹೊರಗೆ ತಳ್ಳುವುದು ಒಳಗಿರುವ ಗಾಳಿ. ಕೊಳವೆಯಲ್ಲಿ 2 ಮಿ.ಲೀ. ಗಾಳಿ ಇದೆ ಎಂದುಕೊಳ್ಳಿ. ಕೈಬಿಸಿಗೆ ಅದು 25 ಡಿಗ್ರಿಯಿಂದ 33 ಡಿಗ್ರಿಗೆ ಏರಿದರೆ ಸುಮಾರು 0.05 ಮಿ.ಲೀ. ಹಿಗ್ಗುತ್ತದೆ. ಅದು ಹೆಚ್ಚುಕಡಿಮೆ ಒಂದು ಹನಿ, ನಿಮ್ಮ ಕಾಗದದ ಮೇಲೆ ಬೀಳುವ ಅದೇ ಹನಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಎಂಟನೇ ಒಂದು ಪಾಲಿನಷ್ಟು ಕಡಿಮೆ. ಘಾಟಿ ಹತ್ತುವಷ್ಟರಲ್ಲಿ ಅದೇ 2 ಮಿ.ಲೀ. ಗಾಳಿ ಐದಾರು ಹನಿ ಇಂಕನ್ನು ಹೊರಗೆ ನೂಕುತ್ತದೆ. ಪೆನ್ನಿನ ಮೈಯಲ್ಲಿ ದೋಷವಿಲ್ಲ.

ಪರಿಹಾರ ಸುಲಭ. ಕೊಳವೆಯ ಇಂಕು ಮೂರನೇ ಒಂದು ಪಾಲಿಗೆ ಇಳಿಯುವ ಮೊದಲೇ ಮತ್ತೆ ತುಂಬಿಸಿ, ಇಂಕು ಹೆಚ್ಚಿದ್ದರೆ ಹಿಗ್ಗುವ ಗಾಳಿಯೇ ಕಡಿಮೆ. ಪ್ರಯಾಣದಲ್ಲಿ ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲ್ಮುಖವಾಗಿ ಜೇಬಿನಲ್ಲಿಡಿ. ಇಂಕು ನಿಬ್ಬಿನಿಂದಲ್ಲ, ಕತ್ತು-ಕೊಳವೆ ಸೇರುವ ಮರೆಯಿಂದ ಒಸರುತ್ತಿದ್ದರೆ ಮಾತ್ರ ಅದು ಬೇರೆ ಕಾಯಿಲೆ. ಮರೆಗೆ ಶುದ್ಧ ಸಿಲಿಕೋನ್ ಗ್ರೀಸನ್ನು ಸಾಸಿವೆ ಕಾಳಿನಷ್ಟು ಸವರಿ ಬಿಗಿಮಾಡಿ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಬೇಡ. ಎಣ್ಣೆ ಒಳಕ್ಕಿಳಿದರೆ ಇಂಕಿನ ಹರಿವೇ ಕೆಡುತ್ತದೆ.

ಪ್ರಶ್ನೆ: ನಿಬ್ಬಿನ ಮೇಲೆ 'ಇರಿಡಿಯಂ ಪಾಯಿಂಟ್ ಜರ್ಮನಿ' ಎಂದಿದೆ, ಬಣ್ಣವೂ ಚಿನ್ನದ್ದು. ಬೆಲೆ 80 ರೂಪಾಯಿ. ನಂಬಬಹುದೇ?

ಆ ಅಕ್ಷರಗಳು ಯಾವುದಕ್ಕೂ ಖಾತ್ರಿಯಲ್ಲ. ತುದಿಯ ಗಟ್ಟಿ ಲೋಹಕ್ಕೆ ಹಳೆಯ ರೂಢಿಯಿಂದ ಇರಿಡಿಯಂ ಎನ್ನುತ್ತಾರೆ, ಈಗಿನ ಮಣಿಗಳಲ್ಲಿ ಬಹುಪಾಲು ಬೇರೆ ಮಿಶ್ರಲೋಹಗಳು. ಜರ್ಮನಿಯ ಹೆಸರನ್ನು ಎಲ್ಲಿ ತಯಾರಾದ ನಿಬ್ಬಿನ ಮೇಲಾದರೂ ಒತ್ತಿರಬಹುದು. ಆ ಬೆಲೆಗೆ ಚಿನ್ನದ ಬಣ್ಣ ಲೇಪ ಮಾತ್ರ, ಬರವಣಿಗೆಗೆ ಅದರಿಂದ ಏನೂ ಆಗದು. ಹಾಗೆಂದು ಪೆನ್ನು ಕೆಟ್ಟದ್ದು ಎಂದೂ ಅಲ್ಲ. ಮೇಲೆ ಹೇಳಿದಂತೆ ಮಣಿ, ಸೀಳು, ನಾಲಿಗೆ ನೋಡಿ ತೀರ್ಮಾನಿಸಿ.

ಪ್ರಶ್ನೆ: ಎರಡು ಪೆನ್ನು ಬದಲಿಸಿದರೂ ಮಗಳ ನೋಟ್‌ಬುಕ್ಕಿನಲ್ಲಿ ಅಕ್ಷರ ಹರಡಿ ಹಿಂದಿನ ಪುಟಕ್ಕೂ ಮೂಡುತ್ತದೆ. ಯಾವ ಪೆನ್ನು ಕೊಳ್ಳಲಿ? (ತುಮಕೂರು)

ಮೂರನೇ ಪೆನ್ನು ಕೊಳ್ಳುವ ಮೊದಲು ಕಾಗದ ಬದಲಿಸಿ ನೋಡಿ. ಕಾಗದಕ್ಕೆ ಇಂಕು ತಡೆಯುವ ಅಂಟಿನ ಅಂಶ ಕಡಿಮೆಯಿದ್ದರೆ ಎಂಥ ಪೆನ್ನಿನ ಇಂಕೂ ಬೇರಿನಂತೆ ಹಬ್ಬುತ್ತದೆ. ಅಂಗಡಿಯಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟದ ಮೂಲೆಯಲ್ಲಿ ಅದೇ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಮೂರು ಸೆಕೆಂಡು ಎತ್ತದೆ ಹಿಡಿಯಲು ಅನುಮತಿ ಕೇಳಿ. ಚುಕ್ಕೆಯ ಅಂಚು ದುಂಡಗೆ ಉಳಿದರೆ ಕಾಗದ ಒಳ್ಳೆಯದು, ಎಳೆಎಳೆಯಾಗಿ ಹರಡಿದರೆ ಬೇಡ. 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ 70 ಗ್ರಾಂ ತೂಕ) ಅಥವಾ ಅದಕ್ಕಿಂತ ದಪ್ಪದ ಕಾಗದದಲ್ಲಿ ಹಿಂಬದಿಗೆ ಮೂಡುವುದು ಕಡಿಮೆ, ಆದರೆ ದಪ್ಪವೊಂದೇ ಸಾಲದು, ಚುಕ್ಕೆಯ ಪರೀಕ್ಷೆಯೇ ಖಚಿತ. ನಿಬ್ಬು ಸಣ್ಣದಿರಲಿ. ಇಂಕು ಕ್ಯಾಮೆಲ್, ಬ್ರಿಲ್‌ನಂಥ ಸಾಮಾನ್ಯ ನೀಲಿಯೇ ಸಾಕು. ಚಿತ್ರ ಬರೆಯುವ ಇಂಡಿಯನ್ ಇಂಕು, ಸ್ಟ್ಯಾಂಪ್ ಪ್ಯಾಡಿನ ಇಂಕು, ಪ್ರಿಂಟರಿನ ಇಂಕನ್ನು ಮಾತ್ರ ಪೆನ್ನಿಗೆ ಹಾಕಲೇಬೇಡಿ. ಇಂಡಿಯನ್ ಇಂಕಿನಲ್ಲಿ ಕಾಡಿಗೆಯ ಕಣಗಳೂ ಅರಗಿನ ಅಂಶವೂ ಇರುತ್ತವೆ. ನಾಲಿಗೆಯ ಸಣ್ಣ ಗೆರೆಗಳಲ್ಲಿ ಅದು ಒಣಗಿ ಕೂತರೆ ಮತ್ತೆ ನೀರಿಗೆ ಕರಗುವುದಿಲ್ಲ.