ಕಾಸರಗೋಡಿನಲ್ಲಿ ಹಳೆ ಮಾರುತಿಗೆ ಪೊಲ್ಯೂಷನ್ ಪಾಸ್ ಮಾಡಿಸುವುದು

ಕೆಎ ನಂಬರಿನ ಹಳೆ ಮಾರುತಿ 800 ಕಾಸರಗೋಡಿನ ಹೊಗೆ ಪರೀಕ್ಷೆಯಲ್ಲಿ ಫೇಲಾಯಿತು, ತಲಪಾಡಿ ದಾಟಿ ಮಂಗಳೂರಿನಲ್ಲಿ ಮಾಡಿಸಿದರೆ ಪಾಸಾದೀತೇ ಎಂದು ಕೇಳಿದ್ದೀರಿ. ಗಡಿ ದಾಟಿ ಪ್ರಯೋಜನವಿಲ್ಲ. ಮಿತಿ ಕೇಂದ್ರ ಸರ್ಕಾರದ್ದು, ಎರಡೂ ಕಡೆಯ ಫಲಿತಾಂಶ ಹೋಗುವುದು ಕೇಂದ್ರದ ವಾಹನ ದಾಖಲೆಯಾದ ಒಂದೇ ಪರಿವಾಹನ್‌ಗೆ, ಸರ್ಟಿಫಿಕೇಟ್ ದೇಶವಿಡೀ ನಡೆಯುತ್ತದೆ. ತಲಪಾಡಿಯಾಚೆ ಪೆಟ್ರೋಲ್ ಅಗ್ಗವಿದ್ದರೆ ಆ ದುಡ್ಡಷ್ಟೇ ಉಳಿದೀತು.

ಸಾಮಾನು ಕೊಳ್ಳುವ ಮೊದಲು ಫೇಲಾದ ಚೀಟಿ ಓದಿ. ಬಿಎಸ್ ಎಂದರೆ ಕಾರು ಯಾವ ಹಂತದ ಮಾಲಿನ್ಯ ನಿಯಮಕ್ಕೆ ತಕ್ಕದ್ದು ಎಂಬ ಗುರುತು. ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ (ಸಿಒ) ಶೇ 0.5, ಹೈಡ್ರೋಕಾರ್ಬನ್ (ಎಚ್‌ಸಿ) 750 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟಬಾರದು. ಅದಕ್ಕೂ ಹಳೆಯ ಕಾರಿಗೆ ಶೇ 3 ಮತ್ತು 1500. ಆರ್‌ಸಿಯಲ್ಲಿ ಯಾವ ಹಂತ ಎಂದು ಬರೆದಿದೆ, ಚೀಟಿಯಲ್ಲಿ ಯಾವುದಿದೆ, ಎರಡನ್ನೂ ತಾಳೆ ನೋಡಿ. ಅಲ್ಲಿ ತಪ್ಪಿದ್ದರೆ ಕಾರಿಗೆ ಕೈ ಹಾಕುವ ಕೆಲಸವೇ ಇಲ್ಲ.

ಸಿಒ ಮಾತ್ರ ಜಾಸ್ತಿ ಉಂಟಾದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದರ್ಥ. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಇಲ್ಲಿಯ ಕೆಂಪುಕಲ್ಲಿನ ಧೂಳು ಒಂದು ಬೇಸಿಗೆಯಲ್ಲೇ ಅದನ್ನು ಕಟ್ಟಿಸಿಬಿಡುತ್ತದೆ. ಆಮೇಲೆ ಥರ್ಮೋಸ್ಟಾಟ್, ಎಂಜಿನ್ ತಣಿಸುವ ನೀರಿನ ಹರಿವನ್ನು ಹತೋಟಿಯಲ್ಲಿಡುವ ವಾಲ್ವ್. ಬಿಸಿಯೇರುತ್ತದೆಂದು ಯಾರೋ ಅದನ್ನು ಕಿತ್ತು ಹಾಕಿರುವುದು ಹಳೆ ಕಾರುಗಳಲ್ಲಿ ಮಾಮೂಲು. ಎಂಜಿನ್ ಸರಿಯಾಗಿ ಬಿಸಿಯಾಗದೆ, ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕೆಲವು ನೂರು ರೂಪಾಯಿಯ ಆ ವಾಲ್ವ್ ವಾಪಸ್ ಹಾಕಿಸಿ.

ಕರಾವಳಿಯ ಕಾರುಗಳಿಗೇ ಅಂಟಿಕೊಂಡ ರೋಗ ಇನ್ನೊಂದು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿ ಹೊಗೆ ಪೈಪು ತುಕ್ಕು ತಿನ್ನುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಆಕ್ಸಿಜನ್ ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆಯ ಜೋಡಣೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹೊರಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಎಂದು ವರದಿ ಕೊಡುತ್ತದೆ, ಇಸಿಯು ಇನ್ನಷ್ಟು ಬಿಡುತ್ತದೆ, ಸಿಒ ಏರುತ್ತದೆ. ಆದ್ದರಿಂದ ಸೆನ್ಸರ್ ಬದಲಿಸುವ ಮುಂಚೆ ಗ್ಯಾಸ್ಕೆಟ್, ವೆಲ್ಡಿಂಗ್. ಸೆನ್ಸರ್ ಸರಿಯಿದ್ದರೆ ಬಿಸಿ ಎಂಜಿನ್‌ನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಬೇಗಬೇಗ ಏರಿಳಿಯಬೇಕು. ಒಂದೇ ಕಡೆ ನಿಂತಿದ್ದರೆ ಆಮೇಲೆ ಅದರ ಬಗ್ಗೆ ಯೋಚಿಸಿ.

ಎಚ್‌ಸಿ ಹೆಚ್ಚಾಗಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ. ಈ ಎಂಜಿನ್ನಿಗೆ ಮೂರೇ ಸ್ಪಾರ್ಕ್ ಪ್ಲಗ್, ಮೂರನ್ನೂ ಒಟ್ಟಿಗೆ ಬದಲಿಸಿ. ಪ್ಲಗ್ ವೈರುಗಳನ್ನು ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿದರೆ ಸೀಳಿದಲ್ಲಿ ಕಿಡಿ ಕಾಣುತ್ತದೆ. ಎಂಜಿನ್ ಆಯಿಲಿಗೆ ಪೆಟ್ರೋಲ್ ವಾಸನೆ ಇದ್ದರೆ ಅದನ್ನೂ ಬದಲಿಸಿ, ಆ ಆವಿಯೂ ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್ ಮೂಲಕ ಸಿಲಿಂಡರಿಗೇ ಹೋಗುತ್ತದೆ.

ಇಸಿಯು ಇಲ್ಲದೆ ಕಾರ್ಬುರೇಟರೇ ಗಾಳಿ ಪೆಟ್ರೋಲ್ ಬೆರೆಸುವ ಮಾಡೆಲ್ ಆದರೆ ಚೋಕ್ ಪೂರ್ತಿ ತೆರೆಯುತ್ತದೆಯೇ, ಫ್ಲೋಟ್ ನೀಡಲ್ ಸವೆದು ಪೆಟ್ರೋಲ್ ಉಕ್ಕುತ್ತಿದೆಯೇ ನೋಡಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೆ ರಬ್ಬರಿಗೆ ಆಗಿಬರುವುದಿಲ್ಲ, ಪೈಪುಗಳನ್ನೂ ಹಿಸುಕಿ ನೋಡಿ. ಆ ಬೆರಕೆಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸುವುದು ಇವೆಲ್ಲ ಆದ ಮೇಲೆ, ಹೊಗೆ ಅಳೆಯುವ ಮೀಟರ್ ಇಟ್ಟುಕೊಂಡು, ಕಾಲು ಸುತ್ತಿನಂತೆ. ಎಂಜಿನ್ ನಡುಗುವಷ್ಟು ಬಿಗಿದರೆ ಸಿಒ ಇಳಿದು ಎಚ್‌ಸಿ ಏರುತ್ತದೆ, ಅದೇ ಚೀಟಿಯಲ್ಲಿ ಮತ್ತೆ ಫೇಲ್.

ಹೊಗೆ ಪೈಪಿನಲ್ಲಿ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೊನೆಗೆ, ಅದು ದುಬಾರಿ. ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಸರಿಪಡಿಸದೆ ಹೊಸದು ಹಾಕಿದರೆ ಉರಿಯದ ಪೆಟ್ರೋಲ್ ಅದರೊಳಗೇ ಉರಿದು ಅದೂ ಕರಗಿಹೋಗುತ್ತದೆ.

ಪರೀಕ್ಷೆಗೆ ತಣ್ಣನೆ ಕಾರು ಕೊಂಡೊಯ್ಯಬೇಡಿ. ಹೆದ್ದಾರಿಯಲ್ಲಿ 20 ನಿಮಿಷ ಓಡಿಸಿ, ಆಫ್ ಮಾಡದೆ, ಎಸಿ ನಿಲ್ಲಿಸಿ ಕೊಡಿ. ಬಿಸಿಯಾಗದ ಕನ್ವರ್ಟರ್ ಕೆಲಸವನ್ನೇ ಮಾಡುವುದಿಲ್ಲ. ಆರ್‌ಸಿಗೆ ಸೇರಿಸಿದ ಮೊಬೈಲ್ ಜತೆಗಿರಲಿ, ಒಟಿಪಿ ಅದಕ್ಕೇ ಬರುವುದು. ಬಿಎಸ್-3 ಮತ್ತು ಅದಕ್ಕಿಂತ ಹಳೆಯದಕ್ಕೆ ಸರ್ಟಿಫಿಕೇಟ್ ಆರು ತಿಂಗಳಿಗಷ್ಟೇ. ಹಾಗೆಯೇ, ಹನ್ನೆರಡು ತಿಂಗಳು ಮೀರಿ ಇಲ್ಲೇ ಇರುವುದಾದರೆ ಕೆಎ ನಂಬರ್ ಬಿಟ್ಟು ಕಾಸರಗೋಡಿನ ಕೆಎಲ್-14 ಮಾಡಿಸಬೇಕಾಗುತ್ತದೆ. ಅದಕ್ಕೆ ಕಾರು ನೋಂದಣಿಯಾದ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಈಗಲೇ ಕೇಳಿಡಿ.