ಫೋಟೊ ತಿದ್ದಲು ಚಂದಾ ಕಟ್ಟಲೇಬೇಕೆ?

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯೊಂದರ ನಿವೃತ್ತ ಶಿಕ್ಷಕಿ. ಮೂರು ವರ್ಷಗಳಿಂದ ನಿಕಾನ್ ಕ್ಯಾಮೆರಾದಲ್ಲಿ ಹಕ್ಕಿಗಳನ್ನೂ ಯಕ್ಷಗಾನವನ್ನೂ ಚಿತ್ರಿಸುತ್ತಿದ್ದೇನೆ. ಇದುವರೆಗೆ ತೆಗೆದ ಸುಮಾರು 14 ಸಾವಿರ ಚಿತ್ರಗಳೂ ಜೆಪೆಗ್ ರೂಪದಲ್ಲಿವೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಇದೆ. ಚಂದಾ ಕಟ್ಟಿ ಬಳಸುವ ಫೋಟೊಶಾಪ್ ಇಲ್ಲದೆ ಆಗುವುದಿಲ್ಲವೆಂದು ಬಳಗದವರು ಹೇಳುತ್ತಾರೆ. ಪರಿಚಿತರೊಬ್ಬರು ಅದನ್ನು ಹಣವಿಲ್ಲದೆಯೇ ಹಾಕಿಕೊಡುತ್ತೇನೆ ಎಂದಿದ್ದಾರೆ. ನಾನು ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಸದ್ಯಕ್ಕೆ ನೀವು ಹಣ ಕೊಡುವ ಅಗತ್ಯವಿಲ್ಲ. ನಿಕಾನ್ ಸಂಸ್ಥೆಯೇ 2021ರಿಂದ ಉಚಿತವಾಗಿ ನೀಡುತ್ತಿರುವ ಎನ್‌ಎಕ್ಸ್ ಸ್ಟುಡಿಯೊ ಎಂಬ ಫೋಟೊ ತಿದ್ದುವ ತಂತ್ರಾಂಶದಿಂದ ಆರಂಭಿಸಿ. ಅದರಲ್ಲಿ ಆಗದ ಕೆಲಸ ಯಾವುದೆಂಬುದು ನಿಮ್ಮ ಅನುಭವಕ್ಕೇ ಬಂದಾಗ ಮುಂದಿನದನ್ನು ಯೋಚಿಸಿದರಾಯಿತು. ಆದರೆ ಅದಕ್ಕೂ ಮೊದಲು ಕ್ಯಾಮೆರಾದ ಸೆಟ್ಟಿಂಗ್ ಬದಲಿಸಿ, ಪ್ರತಿ ಚಿತ್ರವೂ ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ದಾಖಲೆ) ಮತ್ತು ಜೆಪೆಗ್ ಎರಡೂ ರೂಪಗಳಲ್ಲಿ ದಾಖಲಾಗುವಂತೆ ಮಾಡಿಕೊಳ್ಳಿ.

ಜೆಪೆಗ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ 256 ಹಂತಗಳಷ್ಟೇ ಇರುತ್ತವೆ. 14 ಬಿಟ್‌ನ ರಾ ಕಡತದಲ್ಲಿ ಅವು 16,384. ಹಗಲಿನಲ್ಲಿ ತೆಗೆದ ಸಾಧಾರಣ ಚಿತ್ರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದಿರಬಹುದು. ಆದರೆ ರಾತ್ರಿ ರಂಗಸ್ಥಳದ ದೀಪಗಳ ಕೆಳಗೆ ಕೆಂಪು ಮುಂಡಾಸಿನ ವೇಷವೊಂದನ್ನು ತೆಗೆದಿದ್ದೀರಿ ಎಂದುಕೊಳ್ಳಿ: ಕೆಂಪು ಬಣ್ಣ ಮಾತ್ರ ಮಿತಿಮೀರಿ ತುಂಬಿ, ಬಟ್ಟೆಯ ಮಡಿಕೆಗಳೆಲ್ಲ ಅಳಿಸಿಹೋಗಿ, ಮುಖದ ಬಣ್ಣಗಾರಿಕೆಯ ಮೇಲೆ ಹಳದಿ ಛಾಯೆ ಹರಡಿಕೊಂಡಿರುತ್ತದೆ. ಜೆಪೆಗ್‌ನಲ್ಲಿ ಕ್ಯಾಮೆರಾ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿನ ಛಾಯೆಗೆ ತಕ್ಕ ಬಣ್ಣದ ಹೊಂದಾಣಿಕೆಯನ್ನು, ಆಗಲೇ ನಿರ್ಧರಿಸಿ, ಉಳಿದ ಮಾಹಿತಿಯನ್ನು ಬಿಟ್ಟುಬಿಟ್ಟಿರುವುದರಿಂದ ಅದನ್ನು ಯಾವ ದುಬಾರಿ ತಂತ್ರಾಂಶವೂ ಪೂರ್ತಿಯಾಗಿ ಮರಳಿ ತರಲಾರದು. ರಾ ಕಡತದಲ್ಲಾದರೆ ವೈಟ್ ಬ್ಯಾಲೆನ್ಸ್ ಅನ್ನು ಮನೆಗೆ ಬಂದ ಮೇಲೆ ಶಾಂತವಾಗಿ ಕುಳಿತು ಸರಿಪಡಿಸಬಹುದು. ಮಡಿಕೆಗಳೂ ಬಹಳಷ್ಟು ಸಲ ಉಳಿದಿರುತ್ತವೆ.

ಇನ್ನು ಫೋಟೊಶಾಪ್ ವಿಚಾರ. 1990ರಲ್ಲಿ ಬಂದ ಆ ತಂತ್ರಾಂಶ ನಿಜಕ್ಕೂ ಅಸಾಧಾರಣವಾದದ್ದು. ಪದರಗಳನ್ನು ಒಂದರ ಮೇಲೊಂದು ಇಟ್ಟು ಚಿತ್ರ ಜೋಡಿಸುವವರಿಗೆ, ಜಾಹೀರಾತು ಮತ್ತು ಮುಖಪುಟ ವಿನ್ಯಾಸ ಮಾಡುವವರಿಗೆ ಅದು ಬೇಕು. ನಿಮ್ಮ ಕೆಲಸ ಬೇರೆ ಬಗೆಯದು. ನೂರಾರು ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸುವುದು, ಬೆಳಕು ಮತ್ತು ಬಣ್ಣ ಸರಿಪಡಿಸುವುದು, ಕ್ರಾಪ್ ಮಾಡುವುದು, ನಾಯ್ಸ್ (ಕಡಿಮೆ ಬೆಳಕಿನ ಚಿತ್ರದಲ್ಲಿ ಕಾಣುವ ಮರಳಿನಂತಹ ಚುಕ್ಕೆಗಳು) ತಗ್ಗಿಸುವುದು ಇಷ್ಟೇ ನಿಮಗೆ ಬೇಕಾಗಿರುವುದು. ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿಯನ್ನು ಅಳಿಸಲು ಅದು ಬೇಕಲ್ಲವೇ ಎಂದು ನೀವು ಕೇಳಬಹುದು. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ನಿಯಮದಂತೆ ನಡೆಯುವ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಕ್ರಾಪ್ ಮಾಡಲು ಅವಕಾಶವಿದೆಯೇ ಹೊರತು ಚಿತ್ರದಲ್ಲಿರುವ ವಸ್ತುವನ್ನು ತೆಗೆಯಲು ಇಲ್ಲ. ಆ ನಿಯಮ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಆಯ್ಕೆ ಮಾಡುವಾಗ ಬಹುತೇಕರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ನಾವು ಮಾಡಿದ ತಿದ್ದುಪಡಿ ಎಲ್ಲಿ ಉಳಿಯುತ್ತದೆ? ಎನ್‌ಎಕ್ಸ್ ಸ್ಟುಡಿಯೊದಂತಹ ತಂತ್ರಾಂಶಗಳು ರಾ ಕಡತದಲ್ಲಿರುವ ಮೂಲಚಿತ್ರವನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಗಳನ್ನು ಸೂಚನೆಗಳಾಗಿ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತವೆ. ಒಂದರ ಸೂಚನೆ ಇನ್ನೊಂದಕ್ಕೆ ಪೂರ್ತಿಯಾಗಿ ಅರ್ಥವಾಗುವುದಿಲ್ಲ. ಗೂಗಲ್ 2016ರಲ್ಲಿ ಪಿಕಾಸಾ ಎಂಬ ತನ್ನ ಫೋಟೊ ತಂತ್ರಾಂಶವನ್ನು ನಿಲ್ಲಿಸಿದಾಗ, ಫೋಲ್ಡರುಗಳಲ್ಲಿ ಅಡಗಿದ್ದ ಚಿಕ್ಕ ಕಡತಗಳಲ್ಲಿದ್ದ ಅಂತಹ ತಿದ್ದುಪಡಿಗಳು ಬೇರೆ ತಂತ್ರಾಂಶಕ್ಕೆ ಹೋದವರಿಗೆ ದಕ್ಕಲಿಲ್ಲ. ಫೋಟೊ ತಿದ್ದುವ ಇನ್ನೊಂದು ತಂತ್ರಾಂಶವಾದ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ನಿಲ್ಲಿಸಿದರೆ ಚಿತ್ರಗಳನ್ನು ನೋಡಬಹುದು, ಹೊರತೆಗೆದುಕೊಳ್ಳಬಹುದು, ಆದರೆ ಅವುಗಳನ್ನು ತಿದ್ದುವ ಮುಖ್ಯ ವಿಭಾಗ ಮುಚ್ಚಿಹೋಗುತ್ತದೆ. ಪಿಂಚಣಿಯಲ್ಲಿ ಪ್ರತಿ ತಿಂಗಳು ಈ ಖರ್ಚನ್ನು ಹೊಂದಿಸಬೇಕಾದವರು ಇದನ್ನು ಮೊದಲೇ ತಿಳಿದಿರಬೇಕು. ಯಾವುದನ್ನೇ ಬಳಸಿದರೂ, ಮುಗಿಸಿದ ಚಿತ್ರದ ಪೂರ್ಣ ಗಾತ್ರದ ಜೆಪೆಗ್ ಅಥವಾ ಟಿಫ್ ಪ್ರತಿಯೊಂದನ್ನು ಮೂಲದ ಜೊತೆಯಲ್ಲೇ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಎನ್‌ಎಕ್ಸ್ ಸ್ಟುಡಿಯೊ ಸಾಲದೆನಿಸುವ ದಿನ ಬಹುಶಃ ಮಂಗಟ್ಟೆ ಹಕ್ಕಿಯ ಚಿತ್ರದಿಂದಲೇ ಬರುತ್ತದೆ. ನಿಮ್ಮ ಕಡೆಯ ದಟ್ಟ ಕಾಡಿನ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400ಕ್ಕೆ ಏರಿಸಿ ತೆಗೆದ ಚಿತ್ರದಲ್ಲಿ ಕಪ್ಪು ಭಾಗಗಳೆಲ್ಲ ಮರಳು ಎರಚಿದಂತೆ ಕಾಣುತ್ತವೆ. ಆಗ ಡಾರ್ಕ್‌ಟೇಬಲ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಪ್ರಯತ್ನಿಸಿ. ಅದರ ನಾಯ್ಸ್ ತಗ್ಗಿಸುವ ಒಂದು ವಿಧಾನ ಆಯಾ ಮಾದರಿಯ ಕ್ಯಾಮೆರಾದಲ್ಲಿ ಪ್ರತಿ ಐಎಸ್‌ಒಗೆ ಎಷ್ಟು ನಾಯ್ಸ್ ಬರುತ್ತದೆಂದು ಮೊದಲೇ ಅಳೆದಿಟ್ಟ ಮಾಹಿತಿಯನ್ನು ಆಧರಿಸಿ ಕೆಲಸ ಮಾಡುತ್ತದೆ. ತಿದ್ದುಪಡಿಯ ಸೂಚನೆಗಳು ಚಿತ್ರದ ಪಕ್ಕದಲ್ಲೇ ಪ್ರತ್ಯೇಕ ಕಡತವಾಗಿ ಉಳಿಯುತ್ತವೆ. ಕಲಿಯುವುದು ಕಷ್ಟ ಎಂಬುದನ್ನು ಮುಚ್ಚಿಡುವುದಿಲ್ಲ: ಮಾಡ್ಯೂಲ್‌ಗಳೆಂಬ ಹತ್ತಾರು ತಿದ್ದುವ ಸಾಧನಗಳ ನಡುವೆ ಮೊದಲ ಎರಡು ವಾರ ದಾರಿ ತಪ್ಪಿದಂತಾಗುತ್ತದೆ. ಈ ವಿಷಯದಲ್ಲಿ ಲೈಟ್‌ರೂಮ್ ಎಷ್ಟೋ ಸುಲಭ, ಮತ್ತು 2023ರಲ್ಲಿ ಅದಕ್ಕೆ ಸೇರಿದ ಕೃತಕ ಬುದ್ಧಿಮತ್ತೆಯ ನಾಯ್ಸ್ ನಿವಾರಣೆ ಬಹಳ ಚೆನ್ನಾಗಿದೆ. ಆದರೆ ಅದಕ್ಕೆ ಶಕ್ತಿಯುತ ಗ್ರಾಫಿಕ್ಸ್ ಕಾರ್ಡ್ ಬೇಕು. 8 ಜಿಬಿ ಎಂಬುದು ಲೈಟ್‌ರೂಮ್ ಕ್ಲಾಸಿಕ್‌ಗೆ ಕನಿಷ್ಠ ಮಿತಿ, 16 ಇರಲೆಂದು ತಯಾರಕರೇ ಸಲಹೆ ಮಾಡುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ಕಾಯಬೇಕಾದೀತು. ಹಣವಿದ್ದರೆ ಮೊದಲು ರ್‍ಯಾಮ್ ಹೆಚ್ಚಿಸಿಕೊಳ್ಳಿ.

ಹಣವಿಲ್ಲದೆ ಹಾಕಿಕೊಡುತ್ತೇನೆಂಬ ಪ್ರತಿಯನ್ನು ದಯವಿಟ್ಟು ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ ಎನ್ನುವುದರ ಜೊತೆಗೆ, ಅಂತಹ ಪ್ರತಿಗಳಲ್ಲಿ ದುಷ್ಟ ತಂತ್ರಾಂಶ ಸೇರಿರುವುದು ಸಾಮಾನ್ಯ. ನಿಮ್ಮ ಮೂರು ವರ್ಷಗಳ ಚಿತ್ರಗಳು ಅದೇ ಯಂತ್ರದಲ್ಲಿವೆ.

ಹಳೆಯ 14 ಸಾವಿರ ಜೆಪೆಗ್‌ಗಳನ್ನು ಒಂದೊಂದಾಗಿ ತಿದ್ದಲು ಹೋಗಬೇಡಿ. ಉಚಿತವಾಗಿಯೇ ಸಿಗುವ, ಚಿತ್ರಗಳನ್ನು ವಿಂಗಡಿಸಿಡುವ ಡಿಜಿಕ್ಯಾಮ್ ತಂತ್ರಾಂಶದಲ್ಲಿ ಅವುಗಳಿಗೆ ಹಕ್ಕಿಯ ಹೆಸರು, ಪ್ರಸಂಗದ ಹೆಸರು, ಊರು ಎಂದು ಕನ್ನಡದಲ್ಲೇ ಗುರುತು ಹಾಕುತ್ತ ಹೋಗಿ, ತೀರಾ ಮೆಚ್ಚಿದ ನೂರು ಚಿತ್ರಗಳನ್ನಷ್ಟೇ ತಿದ್ದಲು ಬೇರೆ ತೆಗೆದಿಡಿ.